ಎರವಿನ ಒಡಲು

ಕಳೆದ ದೀಪಾವಳಿಗೆ ಹದಿನೈದು ದಿನ ಮುಂಚೆ ವೈದ್ಯರು ನನ್ನ ಎಡ ಹೆಗಲಿನ ಕೆಳಗೆ, ಎದೆಯ ಚರ್ಮದಡಿಯಲ್ಲಿ, ಒಂದು ಸಣ್ಣ ಯಂತ್ರವನ್ನು ಹುದುಗಿಸಿದರು. ಅದಕ್ಕೆ ಪೇಸ್‌ಮೇಕರ್ ಎಂದು ಹೆಸರು. ಹೃದಯವು ಬಡಿದುಕೊಳ್ಳುವುದನ್ನು ಮರೆತಾಗ ತಟ್ಟಿ ಎಬ್ಬಿಸುವುದು ಅದರ ಕೆಲಸ. ಕೆಲವು ವಾರ ಎಡಗೈಯನ್ನು ಭುಜಕ್ಕಿಂತ ಮೇಲೆತ್ತಕೂಡದೆಂದು ಅಪ್ಪಣೆಯಾಗಿತ್ತು. ಅಟ್ಟದ ಮೇಲಿನ ಸಾಸಿವೆಯ ಡಬ್ಬಿಗೂ ಸೊಸೆಯನ್ನೇ ಕರೆಯಬೇಕು. ಹೀಗೆ ಕೈಕಟ್ಟಿ ಕುಳಿತಿದ್ದವಳಿಗೆ, ರಜಕ್ಕೆ ಬಂದ ಮೊಮ್ಮಗನು, “ಅಜ್ಜಿ, ನಿಮ್ಮ ಬಳಗದವಳೊಬ್ಬಳ ಕಥೆ ತೋರಿಸುತ್ತೇನೆ” ಎಂದು ಒಂದು ಜಪಾನೀ ಚಿತ್ರವನ್ನು ಹಾಕಿದನು.

‘ಘೋಸ್ಟ್ ಇನ್ ದ ಶೆಲ್’ ಎಂಬುದು ಅದರ ಹೆಸರು. ಮಸಮುನೆ ಶಿರೊ ಎಂಬವರು 1989ರಲ್ಲಿ ಪ್ರಕಟಿಸತೊಡಗಿದ ಚಿತ್ರಕಥೆಯನ್ನು ಮಮೊರು ಒಶಿಯಿ ಎಂಬ ನಿರ್ದೇಶಕರು 1995ರಲ್ಲಿ ಚಲಚ್ಚಿತ್ರವನ್ನಾಗಿ ಮಾಡಿದರು. ಬರೆದ ಚಿತ್ರಗಳೇ ಚಲಿಸುವುವು. ಕಥೆ ನಡೆಯುವುದು 2029ರಲ್ಲಿ. ನಾಯಿಕೆಯಾದ ಮೊಟೊಕೊ ಕುಸನಗಿ ಸರಕಾರದ ಗುಪ್ತ ದಳದ ಮೇಜರ್. ಅವಳಲ್ಲಿ ತಾಯಿ ಹೆತ್ತದ್ದೆಂದರೆ ಮಿದುಳಷ್ಟೆ. ಮಿಕ್ಕ ಮೈಯೆಲ್ಲ ಕಾರ್ಖಾನೆಯದು. ಮುಗಿಲು ಮುಟ್ಟುವ ಮಾಳಿಗೆಯಿಂದ ಧುಮುಕುವಳು, ನೋಡುತ್ತಿದ್ದಂತೆಯೇ ಮಾಯವಾಗುವಳು. ಪರರ ಮಿದುಳನ್ನು ಹೊಕ್ಕು ಆಡಿಸುವ ಚೋರನ ಬೆನ್ನು ಹತ್ತುವುದು ಅವಳ ಸಾಹಸ. ಗುಂಡಿನ ಕಾಳಗಗಳು ಮೊಮ್ಮಗನಿಗೆ ಪ್ರಿಯ; ನನಗೆ ಅವುಗಳಿಂದ ತಲೆನೋವಾಯಿತು.

ಆದರೆ ನಡುವೆ ಕಸದ ಬಂಡಿಯವನೊಬ್ಬನು ಬರುತ್ತಾನೆ. ದೂರವಾದ ಹೆಂಡತಿಗಾಗಿ, ಮಗಳಿಗಾಗಿ ಹಲುಬುತ್ತಿರುವವನು. ಪೊಲೀಸರು ಅವನನ್ನು ಹಿಡಿದು, ನಿನಗೆ ಹೆಂಡತಿಯೂ ಇಲ್ಲ, ಮಗಳೂ ಇಲ್ಲ, ಆ ನೆನಪನ್ನು ಯಾರೋ ನಿನ್ನ ತಲೆಯಲ್ಲಿ ತುಂಬಿದ್ದಾರೆ ಎನ್ನುತ್ತಾರೆ. ಮಗಳದೆಂದು ಅವನು ಕಾಪಾಡಿಕೊಂಡಿದ್ದ ಪಟದಲ್ಲಿ ಮಗಳೇ ಇಲ್ಲ, ಅವನೇ ಇದ್ದಾನೆ. ಅಲ್ಲಿ ನಾನು ಸೆರಗನ್ನು ಕಣ್ಣಿಗೊತ್ತಿಕೊಂಡೆನು. ಓದುವ ಸೋದರಿಯರು ನಗಬಾರದು.

ಕಡಲಲ್ಲಿ ಮುಳುಗಿ ಎದ್ದು ದೋಣಿಯಲ್ಲಿ ಕುಳಿತ ಮೊಟೊಕೊ ಜೊತೆಗಾರನೊಡನೆ ಆಡುವ ಮಾತೊಂದು ಇದಕ್ಕಿಂತ ಆಳಕ್ಕೆ ಇಳಿಯಿತು. ಕೆಲಸ ಬಿಡಲು ಅಡ್ಡಿಯಿಲ್ಲ. ಆದರೆ ಈ ಮೈಯನ್ನು ಸರಕಾರಕ್ಕೆ ಒಪ್ಪಿಸಿ ಹೋಗಬೇಕು, ಅದರೊಡನೆ ನೆನಪಿನ ಒಂದು ಪಾಲನ್ನೂ. ಅಷ್ಟನ್ನು ಕೊಟ್ಟಮೇಲೆ ಅವಳದೆನ್ನಲು ಉಳಿಯುವುದೆಷ್ಟು? ಕೊನೆಗೆ ಯುದ್ಧಯಂತ್ರವೊಂದರ ಮುಚ್ಚಳವನ್ನು ಕೀಳಹೋಗಿ ಅವಳ ತೋಳುಗಳೇ ಹರಿದುಹೋಗುತ್ತವೆ. ನಾನು ನನಗರಿಯದೆಯೇ ಎಡಗೈಯನ್ನು ಎದೆಗೆ ಒತ್ತಿಕೊಂಡಿದ್ದೆನು.

ಅಂದು ರಾತ್ರಿ ನಿದ್ರೆ ಬರಲಿಲ್ಲ. ಆಸ್ಪತ್ರೆಯಲ್ಲಿ ಕೊಟ್ಟಿದ್ದ ಕಿರುಪುಸ್ತಕವನ್ನು ತೆಗೆದು ಓದಿದೆನು. ಅಯಸ್ಕಾಂತದಿಂದ ದೂರವಿರಬೇಕು, ಬ್ಯಾಟರಿ ತೀರುತ್ತ ಬಂದರೆ ಯಂತ್ರವನ್ನು ಬದಲಾಯಿಸಬೇಕು, ಇವೆಲ್ಲ ಕೇಳಿದ್ದ ಮಾತೇ. ಕಡೆಯ ಪುಟದಲ್ಲಿ ಮಾತ್ರ, ದೇಹವನ್ನು ದಹನ ಮಾಡುವುದಕ್ಕೆ ಮೊದಲು ಯಂತ್ರವನ್ನು ತಪ್ಪದೆ ಹೊರತೆಗೆಯಿಸತಕ್ಕದ್ದು, ಇಲ್ಲವಾದರೆ ಬೆಂಕಿಯಲ್ಲಿ ಸಿಡಿಯುವುದು ಎಂದಿತ್ತು. ಮನೆಯಲ್ಲಿ ಯಾರೂ ಈ ಪುಟವನ್ನು ಓದಿರಲಿಲ್ಲವೋ, ಓದಿಯೂ ಸುಮ್ಮನಿದ್ದರೋ!

ಬೆಳಿಗ್ಗೆ ಮಗನನ್ನು ಕರೆದು, “ಆ ಪುಸ್ತಕ ಪಂಚಾಂಗದ ಕೆಳಗಿದೆ, ಕಡೆಯ ಪುಟ ಮಡಿಸಿಟ್ಟಿದ್ದೇನೆ. ಅಪ್ಪನಿಗೆ ತೋರಿಸಬೇಡ” ಎಂದೆನು. ಅವನು ಹೋಗಿ ಓದಿ ಬಂದು, ಬಹಳ ಹೊತ್ತು ಅಂಗಳದ ಕಡೆಗೆ ನೋಡುತ್ತ ನಿಂತನು. ಆಮೇಲೆ, “ಅಮ್ಮಾ, ನಿನ್ನ ಕಾಫಿ ಆರಿಹೋಯಿತು” ಎಂದು ಲೋಟವನ್ನೆತ್ತಿಕೊಂಡು ಒಳಕ್ಕೆ ಹೋದನು.