ಡಿಸ್ಕ್ ವಿಲನ್ ಅಲ್ಲ ಸ್ವಾಮಿ!

ಪತ್ತೇದಾರಿ ಚಿತ್ರದಲ್ಲಿ ಇಂಟರ್ವಲ್‌ವರೆಗೂ ಯಾರ ಮೇಲೆ ಅನುಮಾನವೋ ಅವನು ಕೊಲೆಗಾರನಾಗಿರೋದಿಲ್ಲ. ಡಿವಿಡಿ ಕೇಸೂ ಹಾಗೇ. ಕಂಪ್ಯೂಟರಿಗೆ ಹೊಸ ಅಪ್‌ಡೇಟ್ ಬಂದ ಮೇಲೆ ಡಿಸ್ಕ್ ಓಡಲಿಲ್ಲ ಅಂದರೆ ಎಲ್ಲರೂ ಡಿಸ್ಕಿನ ಮೇಲೇ ಎಗರಿ ಬೀಳುತ್ತಾರೆ. "ಹಳೇದು, ಬಿಸಾಕು!" ಮುಗಿಯಿತು ತೀರ್ಪು!

ಹಾಗೆ ಗುಜರಿ ಸೇರಬೇಕಿದ್ದ ಒಂದು ಡಿಸ್ಕಿನ ಕಥೆ ಕೇಳಿ.

ತುಮಕೂರಿನ ನನ್ನ ಗೆಳೆಯನ ತಂದೆ ಜೂನಿಯರ್ ಆರ್ಟಿಸ್ಟ್. ಪೌರಾಣಿಕ ಚಿತ್ರಗಳಲ್ಲಿ ರಾಜನ ಆಸ್ಥಾನದ ಬಾಗಿಲಲ್ಲಿ ಭರ್ಜಿ ಹಿಡಿದು ನಿಂತವರು. ತೆರೆಯ ಮೇಲೆ ಒಂದೇ ಒಂದು ಮಾತಿಲ್ಲ. ಆದರೆ ಊರ ಜಾತ್ರೆಯ 'ಕುರುಕ್ಷೇತ್ರ' ನಾಟಕದಲ್ಲಿ ಅವರೇ ದುರ್ಯೋಧನ! 2007ರಲ್ಲಿ ಮದುವೆ ವಿಡಿಯೊದವನೊಬ್ಬ ಅದನ್ನು ತೆಗೆದು ಒಂದು ಡಿವಿಡಿಗೆ ಹಾಕಿಕೊಟ್ಟಿದ್ದ. ಈಗ ಅವರಿಲ್ಲ. ವರ್ಷದ ತಿಥಿಗೆ ಅಮ್ಮನಿಗೆ ತೋರಿಸೋಣ ಅಂತ ಗೆಳೆಯ ಡಿಸ್ಕ್ ಹಾಕಿದರೆ ಕಂಪ್ಯೂಟರ್ ಕಮಕ್ ಕಿಮಕ್ ಅನ್ನಲಿಲ್ಲ! ಹಿಂದಿನ ವಾರವಷ್ಟೇ ಸಿಸ್ಟಂ ಹೊಸದಾಗಿತ್ತು. ರಿಪೇರಿಯವನು "ಡಿಸ್ಕ್ ಔಟು" ಅಂದುಬಿಟ್ಟ. "ಗುರೂ, ನಮ್ಮಪ್ಪನ ದನಿ ಇರೋದು ಇದೊಂದರಲ್ಲೇ ಕಣೋ..." ಎಂದು ಗೆಳೆಯ ಫೋನ್ ಮಾಡಿದ. ನಾನು ಬಸ್ ಹತ್ತಿದೆ.

ಮೊದಲ ವಿಚಾರಣೆ: ಬೇರೆ ಎರಡು ಡಿಸ್ಕ್ ಹಾಕಿದೆ. ಅವೂ ಓಡಲಿಲ್ಲ. 'ದಿಸ್ ಪಿಸಿ'ಯಲ್ಲಿ ಡಿವಿಡಿ ಡ್ರೈವಿನ ಚಿಹ್ನೆಯೇ ಮಾಯ! ಅಲ್ಲಿಗೆ ಡಿಸ್ಕ್ ನಿರಪರಾಧಿ. ಡಿವೈಸ್ ಮ್ಯಾನೇಜರ್‌ನಲ್ಲಿ ಡ್ರೈವಿನ ಮೇಲೆ ಹಳದಿ ಗುರುತು, ಜೊತೆಗೆ ಕೋಡ್ 39.

ಅಸಲಿ ಕಳ್ಳ ಯಾರು ಗೊತ್ತೆ? ಡಿಸ್ಕ್ ಬರೆಯಲು ಯಾವಾಗಲೋ ಹಾಕಿಕೊಂಡಿದ್ದ ಹಳೇ ಸಾಫ್ಟ್‌ವೇರ್. ಇಂಥವು ರಿಜಿಸ್ಟ್ರಿಯಲ್ಲಿ 'ಅಪ್ಪರ್‌ಫಿಲ್ಟರ್ಸ್', 'ಲೋಯರ್‌ಫಿಲ್ಟರ್ಸ್' ಅಂತ ಇಬ್ಬರು ಗೇಟ್‌ಕೀಪರ್‌ಗಳನ್ನು ನಿಲ್ಲಿಸಿರುತ್ತವೆ. ಸಿಸ್ಟಂ ಬದಲಾದರೆ ಅವರಿಗೆ ಹೊಸ ಯಜಮಾನನ ಭಾಷೆ ಬರದು, ಗೇಟು ತೆರೆಯುವುದಿಲ್ಲ. ರಿಜಿಸ್ಟ್ರಿಯ 'ಕಂಟ್ರೋಲ್'ನೊಳಗಿನ 'ಕ್ಲಾಸ್'ನಲ್ಲಿ 4ಡಿ36ಇ965 ಎಂದು ಶುರುವಾಗುವ ವಿಭಾಗವಿದೆ. ಮೊದಲು ಅದರ ಒಂದು ಪ್ರತಿ ತೆಗೆದಿಟ್ಟೆ. ಆಮೇಲೆ ಆ ಇಬ್ಬರನ್ನೂ ಅಳಿಸಿ ಕಂಪ್ಯೂಟರ್ ಮತ್ತೆ ಶುರು ಮಾಡಿದೆ. ಹುಷಾರ್! ಅಲ್ಲೇ ಇರುವ 967ಕ್ಕೆ ಕೈ ಹಾಕಬೇಡಿ, ಅದು ಹಾರ್ಡ್ ಡಿಸ್ಕಿನ ಮನೆ.

ಡ್ರೈವ್ ಬಂತು. ಚಿತ್ರ ಮಾತ್ರ ಬರಲಿಲ್ಲ! ಇದು ಬೇರೆಯೇ ಕಾರಣ. 2012ರ ವಿಂಡೋಸ್ 8ರಿಂದಲೇ ಅದರ ಮೀಡಿಯಾ ಪ್ಲೇಯರ್ ಡಿವಿಡಿ ತೋರಿಸುವುದಿಲ್ಲ. ಅದಕ್ಕೆ ಮದ್ದು ವಿಎಲ್‌ಸಿ. ಫ್ರಾನ್ಸಿನ ಕಾಲೇಜು ಹುಡುಗರು 1996ರಲ್ಲಿ ಶುರು ಮಾಡಿದ ಯೋಜನೆಯ ಕೂಸು, ಕಾಸಿಲ್ಲದೆ ಸಿಗುತ್ತೆ. ಅದನ್ನು ಹಾಕಿದ್ದೇ ತಡ, ದುರ್ಯೋಧನ ಗದೆ ಎತ್ತಿ ಅಬ್ಬರಿಸಿದ! ಒಂದು ಕಡೆ ಚಿತ್ರ ಚೂರುಚೂರಾಗಿ ನಿಂತಿತು. ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ ಮತ್ತೆ ಹಾಕಿದ ಮೇಲೆ ದಾಟಿತು. ಸುತ್ತಲೂ ಉಜ್ಜಿದರೆ ಗೀರು ಬಿದ್ದು ಇನ್ನೂ ಕೆಡುತ್ತೆ.

ಅಮ್ಮ ತೆರೆಯನ್ನು ಹೆಚ್ಚು ನೋಡಲಿಲ್ಲ. ಕಣ್ಣು ಮುಚ್ಚಿ ದನಿ ಕೇಳುತ್ತಾ ಕೂತರು. ನಾಟಕ ಮುಗಿದ ಮೇಲೆ, "ಆವತ್ತು ಗಂಟಲು ಕಟ್ಟಿತ್ತು, ಕಷಾಯ ಕುಡಿಸಿ ಕಳಿಸಿದ್ದೆ" ಅಂದರು. ಅಷ್ಟೇ. ಆ ರಾತ್ರಿಯೇ ನಾವಿಬ್ಬರೂ ಎರಡು ನಕಲು ಮಾಡಿಟ್ಟೆವು.

ನೀವೂ ಮಾಡಿ. ಅಂಗಡಿಯ ಸಿನಿಮಾ ಡಿವಿಡಿಯನ್ನು ಅಚ್ಚೊತ್ತಿರುತ್ತಾರೆ. ಮನೆಯಲ್ಲಿ ಬರೆದ ಡಿಸ್ಕಿನಲ್ಲಿ ಇರೋದು ಬಣ್ಣದ ಪದರ, ಬಿಸಿಲಿಗೆ ಸೆಕೆಗೆ ಮಾಸುತ್ತೆ. ಒಂದು ಸಾಮಾನ್ಯ ಡಿಸ್ಕ್ ಅಂದರೆ ಸುಮಾರು 4.7 ಜಿಬಿ, ಪೆನ್‌ಡ್ರೈವಿನ ಒಂದು ಮೂಲೆಗೂ ಸಾಲದು. ಡ್ರೈವ್ ಇರುವ ಕಂಪ್ಯೂಟರುಗಳೇ ಕಡಿಮೆಯಾಗುತ್ತಿವೆ. ಎಲ್ಲಾದರೂ ಒಂದು ಸಿಕ್ಕರೆ, ಬೀರುವಿನಲ್ಲಿರುವ ಡಿಸ್ಕುಗಳನ್ನೆಲ್ಲ ಹಿಡಿದು ಆ ದಿನವೇ ಹೊರಡಿ!