ಪಿಕಪ್ ಹೋದ ಕಾರು, ತಪ್ಪಿದ ನನ್ನ ಲೆಕ್ಕ

ಶಿರಾಡಿ ಘಾಟಿಯ ಏರಿನಲ್ಲಿ ಲಾರಿಯನ್ನು ಹಿಂದೆ ಹಾಕಲು ಹೊರಟಾಗ ಕಾರಿನ ಎಳೆತ ನಿಂತುಬಿಟ್ಟರೆ ಏನಾಗಬಹುದೆಂದು ಆ ರಸ್ತೆ ಬಲ್ಲವರಿಗೆ ಹೇಳಬೇಕಿಲ್ಲ. ನನ್ನ ಡೀಸೆಲ್ ಕಾರು ಹಾಗೆ ಮಾಡತೊಡಗಿತ್ತು. ಕಾಲು ಆಕ್ಸಿಲರೇಟರಿನ ಮೇಲೆ ಒತ್ತಿದಂತೆಯೇ ಇರುತ್ತಿತ್ತು, ಕ್ಷಣಕಾಲ ಪಿಕಪ್ಪೇ ಇಲ್ಲ. ಮರುಕ್ಷಣ ಏನೂ ಆಗಿಲ್ಲವೆಂಬಂತೆ ಓಡುತ್ತಿತ್ತು. ಗ್ಯಾರೇಜಿಗೆ ಒಯ್ದ ದಿನವಂತೂ ಯಾವ ತಕರಾರೂ ಇಲ್ಲ.

ಅಲ್ಲಿ ನಾನು ಲಕ್ಷಣ ಹೇಳಲಿಲ್ಲ, ರೋಗದ ಹೆಸರನ್ನೇ ಹೇಳಿದೆ. 'ಡೀಸೆಲ್ ಸರಿಯಾಗಿ ಬರ್ತಿಲ್ಲ, ಫಿಲ್ಟರ್ ಬದಲಿಸಿ' ಅಂದೆ. ಊಹೆ ತೀರಾ ಅಸಂಬದ್ಧವೇನಲ್ಲ. ಕಾಮನ್ ರೈಲ್ ಇಂಜಿನ್ನಿನಲ್ಲಿ ಡೀಸೆಲ್ ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿ ಇಂಜೆಕ್ಟರಿಗೆ ಹೋಗಬೇಕು. ಫಿಲ್ಟರ್ ಕಟ್ಟಿಕೊಂಡರೆ, ಲೈನಿನಲ್ಲಿ ಗಾಳಿ ಸೇರಿದರೆ ಆ ಒತ್ತಡ ಕುಸಿದು ಗಾಡಿ ಜಗ್ಗುತ್ತದೆ. ಫಿಲ್ಟರ್ ಬದಲಾಯಿತು. ಆಮೇಲೆ ಹೊಗೆಯ ಒಂದಂಶವನ್ನು ಇಂಜಿನ್ನಿಗೇ ಮರಳಿಸುವ ಇಜಿಆರ್ ವಾಲ್ವಿನ ಮಸಿ ತೆಗೆಸಿದೆ. ಕೊನೆಗೆ ಆಕ್ಸಿಲರೇಟರ್ ಪೆಡಲನ್ನೇ ಹೊಸದು ಹಾಕಿಸಿದೆ. ಈಗಿನ ಕಾರುಗಳಲ್ಲಿ ಪೆಡಲಿನಿಂದ ಇಂಜಿನ್ನಿಗೆ ಕೇಬಲ್ ಇಲ್ಲ, ಎರಡು ಸೆನ್ಸಾರುಗಳಿವೆ, ಅವುಗಳ ಲೆಕ್ಕ ಒಂದಕ್ಕೊಂದು ತಾಳೆಯಾಗದಿದ್ದರೆ ಗಾಡಿ ಎಳೆಯುವುದಿಲ್ಲ ಎಂದು ಎಲ್ಲೋ ಓದಿದ್ದೆ. ಓದಿದ್ದು ನಿಜವೇ, ನನ್ನ ಕಾರಿಗೆ ಮಾತ್ರ ಸಂಬಂಧವಿರಲಿಲ್ಲ.

ಒಂದೊಂದು ರಿಪೇರಿಯ ನಂತರವೂ ಗಾಡಿ ಕೆಲವು ದಿನ ಚೆನ್ನಾಗಿಯೇ ಓಡಿತು, ನಾನೂ ನಂಬಿದೆ. ಆಗಾಗ ಬಂದು ಹೋಗುವ ದೋಷದ ಅಪಾಯ ಇದೇ: ಅದು ತಾನಾಗಿ ಅಡಗಿದ ಹೊತ್ತಿನಲ್ಲಿ ಯಾವ ಭಾಗ ಬದಲಿಸಿದರೂ ಗುಣವಾದಂತೆ ಕಾಣುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ದೀಪ ಉರಿಯುತ್ತಿಲ್ಲವಲ್ಲ ಎಂದು ಸ್ಕ್ಯಾನರ್ ಹಾಕಿಸುವ ಗೋಜಿಗೂ ಹೋಗಿರಲಿಲ್ಲ. ದೀಪ ಉರಿಯದಿದ್ದರೂ ದೋಷದ ಕೋಡ್ ಕಾರಿನ ಕಂಪ್ಯೂಟರಿನೊಳಗೆ ದಾಖಲಾಗಿರಬಹುದು.

ಸುಳಿವು ಮನೆಯವರಿಂದಲೇ ಬಂದಿತ್ತು. ಗುಂಡ್ಯ ದಾಟಿ ಹತ್ತುವಾಗ ತಮ್ಮ ತನ್ನ ಗಾಡಿಯಲ್ಲಿ ನನ್ನ ಹಿಂದೆಯೇ ಬರುತ್ತಿದ್ದ. ಸಕಲೇಶಪುರದಲ್ಲಿ ಕಾಫಿಗೆ ನಿಂತಾಗ, "ಅಣ್ಣಾ, ಏರಲ್ಲಿ ಯಾಕೆ ಸುಮ್‌ಸುಮ್ನೆ ಬ್ರೇಕ್ ತುಳೀತೀಯ? ಲೈಟ್ ಹತ್ತಿ ಹತ್ತಿ ಆರ್ತಿತ್ತು" ಅಂದ. ನಾನು ಬ್ರೇಕ್ ಮುಟ್ಟಿರಲಿಲ್ಲ. ನಿನಗೆ ಹಾಗೆ ಕಂಡಿರಬೇಕು ಎಂದು ಆ ಮಾತನ್ನು ಅಲ್ಲಿಗೇ ಬಿಟ್ಟೆ. ಇಡೀ ಪ್ರಕರಣದಲ್ಲಿ ಇಂದಿಗೂ ನನ್ನನ್ನು ಚುಚ್ಚುವುದು ಅದೊಂದೇ. ಹಣ ಹೋದದ್ದಲ್ಲ, ಕಣ್ಣಾರೆ ಕಂಡವನ ಮಾತನ್ನು ತಳ್ಳಿಹಾಕಿ ಮನೆಮಂದಿಯನ್ನು ಅದೇ ಕಾರಿನಲ್ಲಿ ಕೂರಿಸಿಕೊಂಡು ಓಡಾಡಿದ್ದು.

ಹಾಸನದ ಹಿರಿಯ ಮೆಕ್ಯಾನಿಕ್ ಒಬ್ಬರು ಬಾನೆಟ್ ಎತ್ತಲೇ ಇಲ್ಲ. "ಏನು ಬದಲಿಸಿದ್ರಿ ಅನ್ನೋದು ಆಮೇಲೆ ಸಾರ್. ಯಾವಾಗ ಆಗುತ್ತೆ, ಎಂಥ ರಸ್ತೇಲಿ ಆಗುತ್ತೆ, ಅದನ್ನ ಹೇಳಿ" ಅಂದರು. ಗುಂಡಿಬಿದ್ದ ರಸ್ತೆಯಲ್ಲಿ ಹೆಚ್ಚು ಎಂದು ಹೇಳುವಾಗಲೇ ತಮ್ಮನ ಮಾತು ನೆನಪಾಗಿ ಅದನ್ನೂ ಹೇಳಿದೆ. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿ, ಪಕ್ಕದಲ್ಲಿ ಕೂತು, ಅಂಥ ರಸ್ತೆಗೇ ಗಾಡಿ ಬಿಡಲು ಹೇಳಿದರು. ಗಾಡಿ ಜಗ್ಗಿದಾಗ ಕಾಮನ್ ರೈಲಿನಲ್ಲಿ ಬೇಕಾದ ಒತ್ತಡ, ಇರುವ ಒತ್ತಡ ಎರಡೂ ಜೊತೆಜೊತೆಗೇ ಇಳಿದವು, ಅಂದರೆ ಡೀಸೆಲ್ಲಿಗೆ ಕೊರತೆಯಿಲ್ಲ. ಪೆಡಲಿನ ಅಂಕಿ ಕದಲಲಿಲ್ಲ. ಬ್ರೇಕ್ ಎಂಬ ಸಾಲು ಮಾತ್ರ ಆಫ್‌ನಿಂದ ಆನ್‌ಗೆ ಹಾರಿ ಹಿಂದಕ್ಕೆ ಬಂತು. ಪಿ0504 ಎಂಬ ಕೋಡ್ ಕೂಡ ಒಳಗೆ ಕೂತಿತ್ತು: ಬ್ರೇಕ್ ಸ್ವಿಚ್ಚಿನ ಎರಡು ಸಂಪರ್ಕಗಳು ತಾಳೆಯಾಗುತ್ತಿಲ್ಲ.

ಅನೇಕ ಕಾರುಗಳಲ್ಲಿ ಬ್ರೇಕ್ ಒತ್ತಿದ ಸಂಕೇತ ಸಿಕ್ಕರೆ ಇಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಆಕ್ಸಿಲರೇಟರನ್ನು ಲೆಕ್ಕಿಸದೆ ಡೀಸೆಲ್ ತಗ್ಗಿಸುತ್ತದೆ. ಅದು ಸುರಕ್ಷತೆಗಾಗಿಯೇ ಮಾಡಿದ ಏರ್ಪಾಟು. ಸವೆದ ಸ್ವಿಚ್ ಕುಲುಕಾಟಕ್ಕೆ ಸುಳ್ಳು ಸಂಕೇತ ಕೊಡುತ್ತಿತ್ತು, ಇಂಜಿನ್ ಅದನ್ನು ನಂಬುತ್ತಿತ್ತು. ಹೊಸ ಸ್ವಿಚ್ಚಿಗೆ ಆದದ್ದು ಕೆಲವೇ ನೂರು ರೂಪಾಯಿ.

ನಿಮ್ಮ ಗಾಡಿ ಹೀಗೆ ಜಗ್ಗಿದರೆ ಯಾವ ಭಾಗವನ್ನೂ ಹೆಸರಿಸಬೇಡಿ. ಯಾವ ರಸ್ತೆ, ಎಷ್ಟು ವೇಗ, ಇಂಜಿನ್ ಬಿಸಿಯಿತ್ತೋ ತಣ್ಣಗಿತ್ತೋ ಎಂದು ಬರೆದಿಟ್ಟು ಹೇಳಿ, ಓಡುವ ಗಾಡಿಯಲ್ಲೇ ಸ್ಕ್ಯಾನರ್ ಹಾಕಿಸಿ. ಹಿಂದೆ ಬರುವವರಿಗೆ ಬ್ರೇಕ್ ದೀಪ ನೋಡಲು ಹೇಳಿ, ಅವರು ಹೇಳಿದ್ದನ್ನು ನಂಬಿ. ಅಲ್ಲಿಯವರೆಗೆ ಘಾಟಿಯಲ್ಲಿ ಯಾರನ್ನೂ ಹಿಂದೆ ಹಾಕಬೇಡಿ.