ನಾಲ್ಕು ಗಂಟೆಯ ಪಾಠ

ತೀರ್ಥಹಳ್ಳಿಯ ಆಸುಪಾಸಿನ ಒಂದು ಹಳ್ಳಿಯಲ್ಲಿ ನಿವೃತ್ತ ಗಣಿತ ಮೇಷ್ಟ್ರೊಬ್ಬರಿದ್ದಾರೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸೀಮೆಸುಣ್ಣ ಹಿಡಿದ ಕೈ ಅವರದು. ಬೆಂಗಳೂರಿನಲ್ಲಿರುವ ಮಗ 2019ರ ದೀಪಾವಳಿಗೆ ತಂದುಕೊಟ್ಟ ಸ್ಮಾರ್ಟ್‌ಫೋನನ್ನು ಅವರು ಡಬ್ಬಿಯ ಸಮೇತ ಬೀರುವಿನೊಳಗಿಟ್ಟು ಬೀಗ ಹಾಕಿದ್ದರು. "ಮಾತಾಡಲಿಕ್ಕೆ ಗುಂಡಿ ಒತ್ತುವ ಫೋನು ಸಾಕು. ಇದು ಮಕ್ಕಳ ತಲೆ ಕೆಡಿಸುವ ಸಾಮಾನು" ಎಂಬುದು ಅವರ ಖಚಿತ ಅಭಿಪ್ರಾಯವಾಗಿತ್ತು. ರಜೆಗೆ ಬಂದ ಮೊಮ್ಮಗಳ ಕೈಯಲ್ಲಿ ಅಂಥದ್ದನ್ನು ಕಂಡರೂ ಅವರ ಹುಬ್ಬು ಗಂಟಿಕ್ಕುತ್ತಿತ್ತು.

ಆ ಬೀಗವನ್ನು ತೆಗೆಸಿದ್ದು ಕೊರೊನಾ. 2020ರ ಮಾರ್ಚ್ 25ರಿಂದ ಇಡೀ ದೇಶವೇ ಬಾಗಿಲು ಹಾಕಿಕೊಂಡಿತು. ಮಾರ್ಚ್ 27ಕ್ಕೆ ಆರಂಭವಾಗಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದಕ್ಕೆ ಹೋಯಿತು. ಎಂದಿಗೆ ಎಂಬುದು ಯಾರಿಗೂ ತಿಳಿದಿರಲಿಲ್ಲ. ಮೊಮ್ಮಗಳು ಆ ವರ್ಷವೇ ಎಸ್ಸೆಸ್ಸೆಲ್ಸಿ. ಗಣಿತವೆಂದರೆ ಅವಳಿಗೆ ಮೊದಲೇ ಅಂಜಿಕೆ, ಮನೆಪಾಠವೂ ನಿಂತುಹೋಗಿತ್ತು. ಓದಿದ್ದು ಮರೆಯುತ್ತಿದೆ, ರಾತ್ರಿ ನಿದ್ದೆ ಬರುತ್ತಿಲ್ಲ ಎಂದು ಫೋನಿನಲ್ಲಿ ಅವಳು ಅತ್ತ ದಿನ ಮೇಷ್ಟ್ರು ಬೀರುವಿನ ಬೀಗದ ಕೈ ಹುಡುಕಿದರು.

ಅವರಿಗೆ ಗುರುವಾದವನು ನೆರೆಮನೆಯ ಹುಡುಗ. ಅವನೂ ಎಸ್ಸೆಸ್ಸೆಲ್ಸಿಯವನೇ. ಕೂಲಿಗೆ ಹೋಗುವ ತಂದೆಯ ಬಳಿ ಇದ್ದದ್ದು ಸಾಧಾರಣ ಫೋನು. ಆದರೆ ಸೋದರಮಾವನ ಸ್ಮಾರ್ಟ್‌ಫೋನ್ ತಿರುವಿ ಎಲ್ಲವನ್ನೂ ಕಲಿತಿದ್ದ. ಮುಖಕ್ಕೆ ಟವೆಲ್ ಕಟ್ಟಿಕೊಂಡು, ಅಂಗಳದ ಆಚೆ ಬದಿಯಲ್ಲಿ ನಿಂತೇ ಕೂಗುತ್ತಿದ್ದ. "ಒತ್ತಬೇಡಿ ಮೇಷ್ಟ್ರೇ, ಮೇಲಕ್ಕೆ ಸವರಿ!" ಮೊದಲ ದಿನ ಮೊಮ್ಮಗಳಿಗೆ ಕಂಡದ್ದು ಅಜ್ಜನ ಕಿವಿ ಮಾತ್ರ. ಎರಡನೆಯ ದಿನ ಮಾಡಿನ ಹೆಂಚು. ಅವಳು ನಕ್ಕಳು. ಎಷ್ಟೋ ದಿನಗಳ ಮೇಲೆ ನಕ್ಕದ್ದೆಂದು ಅವಳ ತಾಯಿ ಆಮೇಲೆ ಹೇಳಿದರು.

ಸಿಗ್ನಲ್ ಸರಿಯಾಗಿ ಸಿಗುತ್ತಿದ್ದುದು ಕೊಟ್ಟಿಗೆಯ ಪಕ್ಕದ ಜಗಲಿಯಲ್ಲಿ ಮಾತ್ರ. ಅಲ್ಲಿಯೇ ದಿನವೂ ಸಂಜೆ ನಾಲ್ಕು ಗಂಟೆಗೆ ಪಾಠ. ಫೋನನ್ನು ಕಂಬಕ್ಕೆ ಒರಗಿಸಿ, ಹಳೆಯ ಕರಿಹಲಗೆಯನ್ನು ಅದರೆದುರು ನಿಲ್ಲಿಸಿದರು. ಕಲಿಸಿದ ಹುಡುಗನನ್ನು ಹೊರಗೆ ಕಳಿಸುವುದುಂಟೇ? ಅವನಿಗೂ ಆರಡಿ ದೂರದಲ್ಲಿ ಒಂದು ಮಣೆ ಹಾಕಿಸಿದರು. ಅವನು 'ಪ್ರಮೇಯ' ಎಂದರೆ ಇವಳು 'ಥಿಯರಮ್' ಎನ್ನುತ್ತಿದ್ದಳು. ತ್ರಿಭುಜ ಮಾತ್ರ ಇಬ್ಬರದೂ ಒಂದೇ.

ಮೇ ತಿಂಗಳ ಬಿಸಿಲಿನಲ್ಲಿ ಒಂದು ದಿನ ಪಾಠ ಅಂಗಳಕ್ಕಿಳಿಯಿತು. ಮೂರಡಿಯ ಕೋಲೊಂದನ್ನು ನೆಟ್ಟು ನೆರಳು ಅಳೆಸಿದರು; ಎರಡಡಿ ಬಂತು. ಅದೇ ಗಳಿಗೆಯಲ್ಲಿ ಅಂಗಳದಂಚಿನ ಅಡಿಕೆ ಮರದ ನೆರಳು ಮೂವತ್ತಡಿ. "ಮರ ಹತ್ತದೆ ಎತ್ತರ ಹೇಳಿ" ಎಂದರು. ಹುಡುಗ ಇಲ್ಲಿಂದ, ಹುಡುಗಿ ಬೆಂಗಳೂರಿನಿಂದ, ಒಟ್ಟಿಗೇ "ನಲವತ್ತೈದು!" ಎಂದರು. ಸಮರೂಪ ತ್ರಿಭುಜಗಳೆಂದರೇನೆಂದು ಅವಳಿಗೆ ಅರ್ಥವಾದದ್ದು ಅಂದು.

ಆದರೂ ಪಾಠ ಮುಗಿಯುವಾಗ ಅವಳದು ಒಂದೇ ಪ್ರಶ್ನೆ: "ಅಜ್ಜ, ಪರೀಕ್ಷೆ ನಡೆಯುತ್ತಾ?"

ಬೇರೆ ಯಾರಾದರೂ ಆಗಿದ್ದರೆ 'ನಡೆದೇ ನಡೆಯುತ್ತೆ' ಎಂದು ಸಮಾಧಾನ ಹೇಳುತ್ತಿದ್ದರೇನೋ. ಮೇಷ್ಟ್ರು ಹೇಳಲಿಲ್ಲ. "ಗೊತ್ತಿಲ್ಲ ಪುಟ್ಟಿ. ನಾಳೆ ನಾಲ್ಕು ಗಂಟೆಗೆ ಪಾಠ ಇದೆ. ಅದು ಗೊತ್ತು" ಎಂದರು.

ಜೂನ್ ತಿಂಗಳಲ್ಲಿ ಮಲೆನಾಡಿನ ಮಳೆ ಹಿಡಿಯಿತು. ಕರೆಂಟು ಹೋಯಿತು, ಅದರ ಹಿಂದೆಯೇ ಸಿಗ್ನಲ್ಲೂ ಹೋಯಿತು. ಮೂರು ದಿನ ಅತ್ತಕಡೆಯ ಸುದ್ದಿ ಇತ್ತ ಇಲ್ಲ. ವಯಸ್ಸಾದವರು, ಒಬ್ಬರೇ ಇರುವವರು, ಕಾಲವೋ ಅಂಥದ್ದು. ಬೆಂಗಳೂರಿನ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ನಾಲ್ಕನೆಯ ದಿನ ಪರದೆಯ ಮೇಲೆ ಮತ್ತೆ ಅಜ್ಜನ ಕಿವಿ ಮೂಡಿತು. ಮೊಮ್ಮಗಳು ಅಳಲಿಲ್ಲ. ನೋಟ್‌ಬುಕ್ ತೆರೆದು ತೋರಿಸಿದಳು. ಮೂರು ದಿನವೂ ನಾಲ್ಕು ಗಂಟೆಗೆ ಕುಳಿತು ತಾನೇ ಲೆಕ್ಕ ಮಾಡಿದ್ದಳು. ಎರಡು ತಪ್ಪಿದ್ದವು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ತಿದ್ದಿದರು.

ಪರೀಕ್ಷೆ ನಡೆಯಿತು. ಜೂನ್ 25ರಂದು ರಾಜ್ಯದ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗಾಗಿ ಶಾಲೆಗಳ ಬಾಗಿಲು ತೆರೆದವು. ಬಾಗಿಲಲ್ಲಿ ಜ್ವರ ನೋಡಿ, ಕೈಗೆ ಸ್ಯಾನಿಟೈಸರ್ ಹಾಕಿ, ದೂರ ದೂರ ಕೂರಿಸಿದರು. ಗಣಿತ ಜೂನ್ 27ಕ್ಕೆ. ಆಗಸ್ಟ್ 10ರಂದು ಫಲಿತಾಂಶ ಬಂತು. ಇಬ್ಬರೂ ತೇರ್ಗಡೆಯಾದರು. ರ‍್ಯಾಂಕೇನೂ ಅಲ್ಲ. ಗಣಿತದಲ್ಲಿ ಹುಡುಗನಿಗೆ ಮೊಮ್ಮಗಳಿಗಿಂತ ಆರು ಅಂಕ ಹೆಚ್ಚು ಬಂದಿತ್ತೆಂದು ಮೇಷ್ಟ್ರು ಊರಿಗೆಲ್ಲ ಹೇಳಿಕೊಂಡು ಬಂದರು.

ಅಂಥ ಜಗಲಿ ಎಲ್ಲ ಮಕ್ಕಳಿಗೂ ಸಿಗಲಿಲ್ಲ. ಎಷ್ಟೋ ಮನೆಗಳಲ್ಲಿ ಇದ್ದ ಒಂದೇ ಫೋನು ಬೆಳಿಗ್ಗೆ ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತಿತ್ತು. ಫೋನು ಇದ್ದ ಮನೆಗಳಲ್ಲೂ ಮಕ್ಕಳ ಜೊತೆ ಕೂರುವವರಿರಲಿಲ್ಲ. ಯಂತ್ರ ಒಳ್ಳೆಯದೋ ಕೆಟ್ಟದ್ದೋ ಎಂದು ವಾದಿಸುವ ಪಾಲಕರು ಅದರ ಆಚೆ ತುದಿಯಲ್ಲಿ ಯಾರಿದ್ದಾರೆ, ಎಷ್ಟು ಹೊತ್ತಿಗೆ ಬರುತ್ತಾರೆ ಎಂಬುದನ್ನೂ ಕೇಳಿಕೊಳ್ಳಬಹುದು.

ಮೇಷ್ಟ್ರು ಈಗಲೂ ಪೂರ್ತಿ ಸೋತಿಲ್ಲ. ರಾತ್ರಿ ಊಟಕ್ಕೆ ಮುಂಚೆ ಫೋನನ್ನು ಆರಿಸಿ ಬೀರುವಿನಲ್ಲಿಡುತ್ತಾರೆ. ಬೀಗ ಮಾತ್ರ ಹಾಕುವುದಿಲ್ಲ.